ಹಲ್ಲು ಸರಿಯಾಗಿಯೇ ಇತ್ತು

ಹೋದ ವಾರ ಸ್ಕೂಲಿನಲ್ಲಿ ಬಿಸಿಯೂಟದ ಹೊತ್ತಿಗೆ ನಮ್ಮ ಜೊತೆಯ ಟೀಚರ್ ಒಬ್ಬರು ಎಡಗೆನ್ನೆ ಒತ್ತಿ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದರು. ಏನಾಯ್ತು ಅಂದೆ. "ಹಲ್ಲು ಕಣ್ರೀ, ಸಾಕಾಗಿದೆ. ಶನಿವಾರ ಕೀಳಿಸಿಬಿಡ್ತೀನಿ" ಅಂದರು. ಎಕ್ಸ್‌ರೇಯಲ್ಲಿ ಏನು ಬಂತು ಅಂತ ಕೇಳಿದೆ. "ಏನೂ ಇಲ್ವಂತೆ. ಆದ್ರೂ ನೋವು ಇದೆಯಲ್ಲ, ತೆಗೆಸಿದ್ರೆ ಹೋಗುತ್ತೆ ಅಂತ." ನನಗೆ ಎದೆ ಧಸಕ್ಕೆಂದಿತು. 2022ರಲ್ಲಿ ನಾನೂ ಇದೇ ಮಾತು ಆಡಿದ್ದೆ, ಹೆಚ್ಚುಕಡಿಮೆ ಇದೇ ಪದಗಳಲ್ಲಿ. ಅವತ್ತು ಯಾರಾದರೂ ನನ್ನನ್ನು ತಡೆದು "ಸ್ವಲ್ಪ ತಡಿ, ದವಡೆ ಕೀಲು ತೋರಿಸಿದ್ಯಾ?" ಅಂತ ಕೇಳಿದ್ದರೆ ಒಂದು ಒಳ್ಳೆಯ ಹಲ್ಲು ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಹಾಸನದಲ್ಲಿ. ಕೆಲಸ ಆಲೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ನಲಿ-ಕಲಿ ಮಕ್ಕಳ ಜೊತೆ. ಬೆಳಗ್ಗೆಯಿಂದ ಸಂಜೆವರೆಗೂ ಬಾಯಿಗೆ ಬಿಡುವಿಲ್ಲದ ಕೆಲಸ.

ಕಾಲೇಜಿನ ದಿನಗಳಿಂದಲೂ ನನಗೆ ಆಕಳಿಸಿದರೆ ಎಡಗಿವಿಯ ಮುಂದೆ 'ಟಕ್' ಅನ್ನುತ್ತಿತ್ತು. ನೋವಿರಲಿಲ್ಲ. ಸೀಬೆಕಾಯಿ ಕಚ್ಚಿದರೆ ಪಕ್ಕದಲ್ಲಿ ಕೂತವರಿಗೂ ಆ ಸದ್ದು ಕೇಳುತ್ತಿತ್ತು. ಅದು ನನ್ನ ದವಡೆಯ ಗುಣ ಅಂದುಕೊಂಡು ಸುಮ್ಮನಿದ್ದೆ. ಚಿಕ್ಕವಳಿದ್ದಾಗ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆನಂತೆ. ಹೊಟ್ಟೆಯಲ್ಲಿ ಹುಳ ಇದೆ ಅಂತ ಅಮ್ಮ ವರ್ಷಕ್ಕೊಮ್ಮೆ ಔಷಧಿ ಕುಡಿಸುತ್ತಿದ್ದರು. ಮದುವೆಯಾದ ಮೇಲೆ ನಮ್ಮ ಮನೆಯವರು "ರಾತ್ರಿಯೆಲ್ಲ ಕಲ್ಲು ಅಗಿದ ಹಾಗೆ ಸದ್ದು ಮಾಡ್ತೀಯಲ್ಲೇ" ಅನ್ನುತ್ತಿದ್ದರು. ಟಕ್ ಸದ್ದಿಗೂ ಈ ಹಲ್ಲು ಕಡಿತಕ್ಕೂ ಸಂಬಂಧ ಇರಬಹುದು ಅಂತ ನಮಗ್ಯಾರಿಗೂ ಹೊಳೆಯಲೇ ಇಲ್ಲ.

2022ರ ಮಳೆಗಾಲದಲ್ಲಿ ನೋವು ಶುರುವಾಯಿತು. ಎಡಗಡೆ ಕೆಳಗಿನ ದವಡೆ ಹಲ್ಲುಗಳಲ್ಲಿ ಜೋಮು ಹಿಡಿದಂಥ, ಭಾರವಾದ ನೋವು. ಬೆಳಗ್ಗೆ ಏಳುವಾಗ ಜಾಸ್ತಿ. ಅಲ್ಲಿಂದ ಕಿವಿಗೆ, ಕಿವಿಯಿಂದ ಕಣತಲೆಗೆ. ಮೊದಲು ಕಿವಿ ಡಾಕ್ಟರ ಹತ್ತಿರ ಹೋದೆ, ಕಿವಿ ಚೆನ್ನಾಗಿದೆ ಅಂದರು. ಆಮೇಲೆ ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇಯಲ್ಲಿ ಹುಳುಕು ಕಾಣಲಿಲ್ಲ. ಆದರೂ "ಒಳಗೆ ನರಕ್ಕೆ ತೊಂದರೆ ಆಗಿರಬಹುದು, ರೂಟ್ ಕೆನಾಲ್ ಮಾಡಿಬಿಡೋಣ" ಅಂದರು. ನಾನೂ ಹೂಂ ಅಂದೆ. ಮೂರು ಸಲ ಹೋಗಿ, ಪ್ರತಿಸಲ ಒಂದೊಂದು ಗಂಟೆ ಬಾಯಿ ತೆಗೆದುಕೊಂಡು ಮಲಗಿ, ಕ್ಯಾಪ್ ಹಾಕಿಸಿಕೊಂಡು ಬರುವಷ್ಟರಲ್ಲಿ 7,500 ರೂಪಾಯಿ ಆಯಿತು. ಮಾತ್ರೆ ಇದ್ದಷ್ಟು ದಿನ ಆರಾಮಾಗಿದ್ದೆ. ಮಾತ್ರೆ ಮುಗಿಯಿತು, ನೋವು ವಾಪಸ್ ಬಂತು. ಈ ಸಲ ಪಕ್ಕದ ಹಲ್ಲಿನಲ್ಲಿ.

ಒಂದು ಮಾತು ಆಗಲೇ ಗಮನಿಸಬೇಕಿತ್ತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅರ್ಧ ತುಟಿಯೇ ಇಲ್ಲದ ಹಾಗಾಗಿದ್ದರೂ ಕಿವಿಯ ಮುಂದಿನ ನೋವು ಹಾಗೇ ಇತ್ತು. ಹಲ್ಲು ಮರಗಟ್ಟಿದ ಮೇಲೂ ನೋವು ಇದೆ ಅಂದರೆ ಅದು ಹಲ್ಲಿನಿಂದ ಬರುತ್ತಿಲ್ಲದಿರಬಹುದು ಅಂತ ಆಮೇಲೆ ತಿಳಿಯಿತು. ಅವತ್ತು ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಎರಡನೇ ಹಲ್ಲಿಗೆ ಮತ್ತೆ ರೂಟ್ ಕೆನಾಲ್ ಅಂದಾಗ ನಾನೇ "ಬೇಡ ಸಾರ್, ಕಿತ್ತುಬಿಡಿ" ಅಂದೆ. ಹಾಸನಾಂಬ ಬಾಗಿಲು ತೆಗೆದಿದ್ದ ದಿನಗಳು ಅವು. ಊರ ತುಂಬ ಜನ, ಬಸ್ಸಿನಿಂದ ಇಳಿದು ಕ್ಲಿನಿಕ್ಕಿಗೆ ನಡೆದು ಹೋಗುವುದಕ್ಕೇ ಅರ್ಧ ಗಂಟೆ ಹಿಡಿಯಿತು. "ಕೆಳಗಿನ ಹಲ್ಲು ತಾನೇ, ತೆಗೆಸು. ಮೇಲಿನದಾಗಿದ್ರೆ ಕಣ್ಣಿಗೆ ತೊಂದರೆ" ಅಂತ ಅತ್ತೆ ಧೈರ್ಯ ಹೇಳಿ ಕಳಿಸಿದ್ದರು. (ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವುದೂ ಸುಳ್ಳೇ. ಎಷ್ಟೋ ಜನ ಈ ಹೆದರಿಕೆಯಿಂದ ಕೀವು ತುಂಬಿದ ಹಲ್ಲನ್ನು ಹಾಗೇ ಇಟ್ಟುಕೊಂಡು ನರಳುತ್ತಾರೆ.) ಕಿತ್ತ ಹಲ್ಲನ್ನು ಕೊಡಿ ಅಂತ ಕೇಳಿ ಹತ್ತಿಯಲ್ಲಿ ಸುತ್ತಿಸಿಕೊಂಡು ಬಂದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಸಣ್ಣವರಿದ್ದಾಗ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತಿದ್ದೆವಲ್ಲ, ಆ ಅಭ್ಯಾಸವೋ ಏನೋ. ಮನೆಗೆ ಬಂದು ನಲ್ಲಿ ಕೆಳಗೆ ತೊಳೆದೆ. ಬಾಲ್ಕನಿಯ ಬಿಸಿಲಿನಲ್ಲಿ ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಎರಡು ಬೇರು, ಎರಡೂ ನಯವಾಗಿದ್ದವು. ಎಲ್ಲೂ ಕಪ್ಪಿಲ್ಲ, ತೂತಿಲ್ಲ. ಮೇಲ್ಭಾಗ ಮಾತ್ರ ಮಸೆದ ಹಾಗೆ ಸಪಾಟಾಗಿತ್ತು, ಒಂದು ಅಂಚಿನಲ್ಲಿ ಹಳದಿ ಬಣ್ಣ ಕಾಣುತ್ತಿತ್ತು. ಅಷ್ಟು ವರ್ಷ ರಾತ್ರಿ ಹೊತ್ತು ಹಲ್ಲು ಕಡಿದದ್ದರ ಗುರುತು ಅದು. ಹಲ್ಲು ಸರಿಯಾಗಿಯೇ ಇತ್ತು. ಅದಿನ್ನೂ ನನ್ನ ಬೀರುವಿನಲ್ಲಿ, ಕುಂಕುಮದ ಭರಣಿಯಲ್ಲಿದೆ.

ಮುಂದಿನ ಸಂಕ್ರಾಂತಿ ಹತ್ತಿರ ಬಂದಾಗ ಒಂದು ದಿನ ಇದ್ದಕ್ಕಿದ್ದಂತೆ ಆ 'ಟಕ್' ಸದ್ದು ನಿಂತುಹೋಯಿತು. ವಾಸಿಯಾಯಿತು ಅಂತ ಖುಷಿಪಟ್ಟೆ. ಹಬ್ಬದ ದಿನ ಕಬ್ಬು ಸಿಗಿಯಲು ಹೋದರೆ ಬಾಯಿಯೇ ತೆರೆಯಲಿಲ್ಲ. ಎರಡು ಬೆರಳು ಹೋಗುವಷ್ಟೂ ಇಲ್ಲ. ಎಳ್ಳು ಬೆಲ್ಲದಲ್ಲಿದ್ದ ಕೊಬ್ಬರಿ ಚೂರನ್ನು ಅಗಿಯಲಾಗದೆ ಬಾಯಲ್ಲೇ ಇಟ್ಟುಕೊಂಡು ನೆನೆಸಿ ನುಂಗಿದೆ.

ರಜೆ ಮುಗಿದು ಶಾಲೆಗೆ ಹೋದೆ. ಒಂದನೇ ಕ್ಲಾಸಿನ ಮಕ್ಕಳಿಗೆ ಹಿಂದಿನ ಅಕ್ಷರಗಳನ್ನು ಮತ್ತೆ ಹೇಳಿಸುತ್ತಿದ್ದೆ. 'ಆ' ಅಂದೆ. ಆ ಅನ್ನಲು ಬಾಯಿ ಅಗಲಿಸಬೇಕಲ್ಲ, ನನಗೆ ಆಗುತ್ತಿಲ್ಲ. ಹಲ್ಲು ಬಿಗಿಹಿಡಿದ ಹಾಗೆ ಹೊರಟಿತು ಸದ್ದು. ಮಕ್ಕಳು ನನ್ನ ಬಾಯಿ ನೋಡಿಕೊಂಡೇ ಕಲಿಯುವುದು. ಇಪ್ಪತ್ತೆರಡು ಮಕ್ಕಳೂ ಬಾಯಿ ಅರ್ಧ ಮುಚ್ಚಿಕೊಂಡೇ ಹಾಗೇ ಅಂದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಾರ್ಡು ಹಿಡಿದುಕೊಂಡು ಎದ್ದುಬಂದು "ಮಿಸ್, ಇದು ಆನೆ ಆ ಅಲ್ವಾ? ನೀವು ಅರಸ ಅ ಹೇಳ್ತಿದೀರಿ" ಅಂದಳು. ಅವಳನ್ನು ಹತ್ತಿರ ಕರೆದು "ನೀನೇ ಹೇಳಮ್ಮ ಎಲ್ಲರಿಗೂ" ಅಂತ ನಿಲ್ಲಿಸಿದೆ. ಅವತ್ತು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಹಲ್ಲು ಹೋದಾಗ ಅತ್ತಿರಲಿಲ್ಲ.

ಮಾರನೇ ದಿನ ರಜೆ ಹಾಕಿ ವಿದ್ಯಾನಗರದ ಹಾಸನಾಂಬ ಡೆಂಟಲ್ ಕಾಲೇಜಿಗೆ ಹೋದೆ. ಡೆಂಟಲ್ ಕಾಲೇಜು ಅಂದರೆ ಕಲಿಯುವ ಹುಡುಗರು ನೋಡುತ್ತಾರೆ ಅಂತ ನಮ್ಮಲ್ಲಿ ಎಷ್ಟೋ ಜನ ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ ಅದೇ ಒಳ್ಳೆಯದಾಯಿತು. ಕಲಿಯುವವರಿಗೆ ಆತುರ ಇರುವುದಿಲ್ಲ, ಬುಡದಿಂದ ಕೇಳುತ್ತಾರೆ. ಯಾವಾಗಿಂದ, ಬೆಳಗ್ಗೆ ಜಾಸ್ತಿಯೋ ಸಂಜೆಯೋ, ತಣ್ಣೀರು ಕುಡಿದರೆ ಝುಂ ಅನ್ನುತ್ತದಾ, ನಿದ್ದೆ ಹೇಗಿದೆ. ಆಮೇಲೆ ದೊಡ್ಡ ಡಾಕ್ಟರು ಬಂದು ಎರಡೂ ಕಿವಿಯ ಮುಂದೆ ಬೆರಳಿಟ್ಟು "ಬಾಯಿ ತೆಗೀರಿ, ಮುಚ್ಚಿ" ಅಂದರು. ಸ್ಕೇಲಿಟ್ಟು ಅಳೆದರು. 24 ಮಿಲಿಮೀಟರ್. ದೊಡ್ಡವರಿಗೆ ಸಾಮಾನ್ಯವಾಗಿ 40ರ ಮೇಲೆ ಇರಬೇಕಂತೆ. ಮನೆಯಲ್ಲೇ ನೋಡಿಕೊಳ್ಳಬೇಕೆಂದರೆ ನಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ಹೋಗುತ್ತದಾ ಅಂತ ನೋಡಬೇಕು. ನನಗೆ ಒಂದೂವರೆ. ತೆರೆಯುವಾಗ ಗದ್ದ ಎಡಗಡೆಗೆ ವಾಲುತ್ತಿತ್ತು, ಅದನ್ನು ಕನ್ನಡಿ ಹಿಡಿದು ನನಗೂ ತೋರಿಸಿದರು.

ಇಷ್ಟಕ್ಕೂ ಮೊದಲು ಕೇಳಿದ ಪ್ರಶ್ನೆ "ಅಡಿಕೆ, ಗುಟ್ಕಾ ಏನಾದ್ರೂ ಹಾಕ್ತೀರಾ?" ಅನ್ನುವುದು. ನನಗೆ ಮುಜುಗರವಾಯಿತು. ಆದರೆ ಕಾರಣ ಕೇಳಿದ ಮೇಲೆ ನಮ್ಮ ದೊಡ್ಡಪ್ಪನ ನೆನಪಾಯಿತು. ದಿನವಿಡೀ ಅಡಿಕೆ ಅಗಿಯುವವರಿಗೆ ಕೆನ್ನೆಯ ಒಳಭಾಗ ಬರಬರುತ್ತಾ ಬಿಳುಚಿ, ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಖಾರ ತಾಗಿದರೆ ಉರಿ. ಕೆಲವರಿಗೆ ಅದೇ ಮುಂದೆ ಕ್ಯಾನ್ಸರ್ ಆಗುತ್ತದೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದರು, ಆದರೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಅಂತ ಬೇರೆಬೇರೆ ಮಾರುವುದು ನಿಂತಿಲ್ಲ. ಅಡಿಕೆ ಬೆಳೆಯುವ ಸೀಮೆಯವರಾದ ನಾವು ಇದನ್ನು ಮನೆಯಲ್ಲಿ ಮಾತಾಡುವುದೇ ಇಲ್ಲ. ದೊಡ್ಡಪ್ಪ ಕೊನೆಕೊನೆಗೆ ಸಾರನ್ನ ಕಲಸಿ ಸ್ಪೂನಿನಲ್ಲಿ ತುಟಿ ಸಂದಿಗೆ ತಳ್ಳಿಕೊಳ್ಳುತ್ತಿದ್ದರು. ವಯಸ್ಸಾಯಿತು ಅಂದುಕೊಂಡಿದ್ದೆವು.

ನನ್ನದು ಬೇರೆ ಕಥೆ. ಕಿವಿಯ ಮುಂದೆ ಕೆಳದವಡೆ ತಲೆಬುರುಡೆಗೆ ಸೇರುವ ಜಾಗದಲ್ಲಿ ಒಂದು ಕೀಲಿದೆ, ಎರಡೂ ಕಡೆ. ನಡುವೆ ಒಂದು ಮೆತ್ತನೆಯ ಬಿಲ್ಲೆ. ಬಾಯಿ ತೆರೆಯುವಾಗ ಮೂಳೆಯ ತಲೆ ಮೊದಲು ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ, ಬಿಲ್ಲೆಯೂ ಅದರ ಜೊತೆಗೇ ಜಾರಬೇಕು. ನನ್ನ ಬಿಲ್ಲೆ ಎಷ್ಟೋ ವರ್ಷದಿಂದ ಮುಂದಕ್ಕೆ ಸರಿದುಹೋಗಿತ್ತು. ಬಾಯಿ ತೆರೆದಾಗಲೆಲ್ಲ ಮೂಳೆ ಅದರ ಮೇಲೆ ಹತ್ತಿ ಕೂರುವ ಸದ್ದೇ ಆ 'ಟಕ್'. ಸದ್ದು ನಿಂತದ್ದು ವಾಸಿಯಾಗಿ ಅಲ್ಲ. ಬಿಲ್ಲೆ ಪೂರ್ತಿ ಮುಂದಕ್ಕೆ ಹೋಗಿ ಬಾಗಿಲಿಗೆ ಅಡ್ಡ ಕಲ್ಲಿಟ್ಟ ಹಾಗೆ ಕೂತುಬಿಟ್ಟಿತ್ತು. ಇನ್ನು ಹಲ್ಲಿನಲ್ಲಿ ಯಾಕೆ ನೋವು? ಹಲ್ಲಿಗೆ, ಕೀಲಿಗೆ, ಅಗಿಯುವ ಮಾಂಸಖಂಡಗಳಿಗೆಲ್ಲ ಒಂದೇ ನರದ ಕವಲುಗಳು ಹೋಗುತ್ತವೆ. ನೋವು ಎಲ್ಲಿಂದ ಬಂತು ಅಂತ ಮಿದುಳಿಗೆ ಗೊಂದಲವಾಗುತ್ತದೆ. ಕೀಲಿನ, ಮಾಂಸಖಂಡದ ನೋವು ಹಲ್ಲುನೋವಿನ ಹಾಗೆ, ಕಿವಿನೋವಿನ ಹಾಗೆ ಕಾಣಿಸುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿಯಂತೆ.

ನಾನು ಆ ಮೊದಲಿನ ಕ್ಲಿನಿಕ್ಕಿನ ಮೇಲೆ ಕೋಪ ಇಟ್ಟುಕೊಂಡು ತಿಂಗಳುಗಟ್ಟಲೆ ಸಂಕಟಪಟ್ಟಿದ್ದೇನೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದಾಗ ಕೈಬೆರಳನ್ನು ಕಿವಿ ಮುಂದೆ ಇಟ್ಟು ನೋಡುವುದಕ್ಕೆ ಎರಡು ನಿಮಿಷ ಸಾಕಿತ್ತು. ಅದನ್ನು ಮಾಡಲಿಲ್ಲ. ಈಗಲೂ ಅದು ತಪ್ಪು ಅಂತಲೇ ಹೇಳುತ್ತೇನೆ.

ಚಿಕಿತ್ಸೆ ಅಂದರೆ ಆಪರೇಷನ್ ಅಂದುಕೊಂಡು ಹೆದರಿದ್ದೆ. ಅವರು ಹೇಳಿದ್ದು ಅಷ್ಟೇ ಸಾದಾ. ಮೆತ್ತನೆಯ ಊಟ. ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಶಾಖ. ಹತ್ತು ದಿನ ಮಾತ್ರೆ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಟ್ಟು ಬಾಯಿ ಜಾಸ್ತಿ ತೆರೆಯದ ಹಾಗೆ ತಡೆಯುವುದು. ಫಿಸಿಯೋಥೆರಪಿ. ರಾತ್ರಿ ಹಾಕಿಕೊಳ್ಳಲು ಸ್ಪ್ಲಿಂಟ್, ಅಂದರೆ ಹಲ್ಲಿನ ಮೇಲೆ ಕೂರುವ ಅಕ್ರಿಲಿಕ್ಕಿನ ಗಟ್ಟಿ ಕವಚ. ಅದರ ಅಳತೆ ತೆಗೆಯಲು ಪೇಸ್ಟ್ ತುಂಬಿದ ತಟ್ಟೆಯನ್ನು ಬಾಯೊಳಗೆ ಇಡಬೇಕು, ನನ್ನ ಬಾಯಿಗೆ ಅದು ಹೋಗುತ್ತಲೇ ಇರಲಿಲ್ಲ. ಮೂರು ವಾರ ಶಾಖ ಕೊಟ್ಟು, ವ್ಯಾಯಾಮ ಮಾಡಿ, 28 ಮಿಲಿಮೀಟರ್ ಆದ ಮೇಲೆ ಸಣ್ಣ ತಟ್ಟೆಯಲ್ಲಿ ತೆಗೆದರು. ಹಲ್ಲು ಮಸೆದು ಸಮ ಮಾಡುವುದು, ಕಚ್ಚುವಿಕೆ ಬದಲಾಯಿಸುವುದು, ಇಂಥ ಹಿಂದಕ್ಕೆ ತರಲಾಗದ ಕೆಲಸಕ್ಕೆ ಮೊದಲೇ ಕೈಹಾಕಬಾರದು ಅಂದರು. ಈಗಾಗಲೇ ಒಂದು ಹಲ್ಲು ಕಳೆದುಕೊಂಡ ನನಗೆ ಆ ಮಾತು ಎಷ್ಟು ನಾಟಿತು ಅಂತ ಹೇಳಲಾರೆ.

ಎಲ್ಲಕ್ಕಿಂತ ಕಷ್ಟವಾದದ್ದು ಹಗಲು ಹೊತ್ತು ಹಲ್ಲು ಕಚ್ಚಿಕೊಳ್ಳುವ ಅಭ್ಯಾಸ ಬಿಡುವುದು. ತುಟಿ ಮುಚ್ಚಿರಲಿ, ಹಲ್ಲು ಮಾತ್ರ ಬಿಟ್ಟಿರಬೇಕು, ನಾಲಿಗೆ ತುದಿ ಮೇಲಿನ ಮುಂಭಾಗದ ಹಲ್ಲಿನ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಬೇಕು. ಊಟದ ಹೊತ್ತು ಬಿಟ್ಟರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಕೆಲಸವಿಲ್ಲ. ನಾನು ಗಮನಿಸಿದರೆ ಯಾವಾಗ ನೋಡಿದರೂ ಕಚ್ಚಿಕೊಂಡೇ ಇರುತ್ತಿದ್ದೆ. ಬಸ್ಸಿನಲ್ಲಿ, ನೋಟ್ಸು ತಿದ್ದುವಾಗ, ಮೇಲಿನವರು ಕೇಳಿದ ಮಾಹಿತಿಯನ್ನು ರಾತ್ರಿ ಫೋನಿನಲ್ಲಿ ತುಂಬುವಾಗ. ಅದಕ್ಕೆ ಒಂದು ಉಪಾಯ ಮಾಡಿದೆ. ಹಣೆಗಿಡುವ ಕೆಂಪು ಸ್ಟಿಕ್ಕರ್ ಒಂದು ಹಾಳೆ ತಗೊಂಡು ಹಾಜರಿ ಪುಸ್ತಕದ ಮೇಲೆ, ಫೋನಿನ ಹಿಂದೆ, ಅಡುಗೆಮನೆ ನಲ್ಲಿ ಪಕ್ಕ, ಮಿಕ್ಸಿ ಮೇಲೆ, ಎಲ್ಲ ಕಡೆ ಅಂಟಿಸಿದೆ. ಸ್ಟಿಕ್ಕರ್ ಕಂಡಾಗಲೆಲ್ಲ ಹಲ್ಲು ಬಿಡಬೇಕು, ಭುಜ ಇಳಿಸಬೇಕು. ಎರಡು ತಿಂಗಳಲ್ಲಿ ಬೆಳಗಿನ ತಲೆನೋವು ಅರ್ಧಕ್ಕರ್ಧ ಕಡಿಮೆಯಾಯಿತು.

ಊಟದ ವಿಚಾರದಲ್ಲಿ ನಮ್ಮ ರಾಗಿಮುದ್ದೆಯೇ ನನ್ನನ್ನು ಉಳಿಸಿದ್ದು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಅಲ್ವಾ. ಬಸ್ಸಾರಿನಲ್ಲಿ ಅದ್ದಿ ಸಣ್ಣಸಣ್ಣ ತುತ್ತು ಮಾಡಿ ನುಂಗಿದರೆ ಹೊಟ್ಟೆಯೂ ತುಂಬುತ್ತದೆ, ದವಡೆಗೂ ಕೆಲಸವಿಲ್ಲ. ಸಕಲೇಶಪುರದಿಂದ ಅಮ್ಮ ಬಂದಾಗ ಕಡುಬು ಬೇಯಿಸುತ್ತಿದ್ದರು, ಒತ್ತುಶ್ಯಾವಿಗೆ ಕಾಯಿಹಾಲು ಮಾಡುತ್ತಿದ್ದರು. ಹಿತಕಿದ ಬೇಳೆ ಸಾರಂತೂ ಮೆತ್ತಗೇ ಇರುತ್ತದೆ. ಬಿಟ್ಟದ್ದು ಕೋಡುಬಳೆ, ನಿಪ್ಪಟ್ಟು, ಚಪಾತಿ, ನಾಟಿಕೋಳಿ. ಮದುವೆ ಮನೆಗಳಲ್ಲಿ ಮಾತ್ರ ಹಿಂಸೆ. ಎಲೆ ಮುಂದೆ ಕೂತು ಪಾಯಸ, ಮೊಸರನ್ನ ಅಷ್ಟೇ ತಿಂದು ಎದ್ದರೆ "ಯಾಕಮ್ಮ, ಅಡುಗೆ ರುಚಿಯಾಗಿಲ್ವಾ?" ಅಂತ ಕೇಳುತ್ತಾರೆ. ಕಾಲು ಮುರಿದಿದ್ದರೆ ಕಟ್ಟು ಕಾಣುತ್ತದೆ. ದವಡೆ ನೋವು ಯಾರಿಗೂ ಕಾಣುವುದಿಲ್ಲ. ಮುಖ ಚೆನ್ನಾಗೇ ಇರುತ್ತದೆ. ಮನೆಯಲ್ಲೂ "ಬರೀ ಹಲ್ಲುನೋವು ತಾನೇ" ಅಂತ ಎಷ್ಟು ದಿನ ಕೇಳಿದ್ದೇನೆ. ಒಂದು ರಾತ್ರಿ ನಮ್ಮ ಮನೆಯವರು ಏನೂ ಹೇಳದೆ ಎದ್ದು ಹೋಗಿ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ತಮ್ಮ ಕೆನ್ನೆಗೆ ಇಟ್ಟು ಬಿಸಿ ನೋಡಿ ಆಮೇಲೆ ನನ್ನ ಕೆನ್ನೆಗೆ ಹಿಡಿದರು. ಅವತ್ತಿನಿಂದ ಆ ಮಾತು ಮನೆಯಲ್ಲಿ ನಿಂತಿತು.

ಮೂರು ತಿಂಗಳಾದರೂ 30 ದಾಟದಿದ್ದಾಗ ಎಂಆರ್‌ಐ ಮಾಡಿಸಿದರು. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುವುದು, ಬಿಲ್ಲೆ ಕಾಣಬೇಕೆಂದರೆ ಎಂಆರ್‌ಐ ಬೇಕು. ಒಮ್ಮೆ ಬಾಯಿ ಮುಚ್ಚಿ, ಒಮ್ಮೆ ತೆರೆದು ತೆಗೆಯುತ್ತಾರೆ. ಬಿಲ್ಲೆ ಮುಂದೆಯೇ ಇದೆ, ವಾಪಸ್ ಬರುತ್ತಿಲ್ಲ ಅಂತ ಬಂತು. ನಾನು ಕುಸಿದುಹೋದೆ. ಡಾಕ್ಟರು ಸಮಾಧಾನವಾಗಿ ಹೇಳಿದರು: ಬಿಲ್ಲೆ ತನ್ನ ಜಾಗಕ್ಕೆ ಬರದಿದ್ದರೂ ಅದರ ಹಿಂದಿನ ಭಾಗವೇ ನಿಧಾನಕ್ಕೆ ಗಟ್ಟಿಯಾಗಿ ಬಿಲ್ಲೆಯ ಕೆಲಸ ಕಲಿಯುತ್ತದೆ, ತುಂಬ ಜನಕ್ಕೆ ವ್ಯಾಯಾಮದಲ್ಲೇ ಬಾಯಿ ತೆರೆಯುತ್ತದೆ, ಆಗಲಿಲ್ಲ ಅಂದರೆ ಸೂಜಿ ಹಾಕಿ ಕೀಲನ್ನು ಸಲೈನಿನಿಂದ ತೊಳೆಯುವ ದಾರಿ ಇದೆ, ಆಪರೇಷನ್ ಕಟ್ಟಕಡೆಗೆ. ನನಗೆ ತೊಳೆಸುವ ಅಗತ್ಯ ಬೀಳಲಿಲ್ಲ. ಶಾಲೆಯ ಹದಿನೈದು ಸೆಂಟಿಮೀಟರ್ ಸ್ಕೇಲಿನಲ್ಲಿ ಪ್ರತಿ ಭಾನುವಾರ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. 30, 30, 31, ಒಂದು ವಾರ ಮತ್ತೆ 29, ಆಮೇಲೆ 33. ಈಗ 38. ನೋವು ಪೂರ್ತಿ ಹೋಗಿಲ್ಲ. ಪರೀಕ್ಷೆ ಸಮಯದಲ್ಲಿ, ಚಳಿಗಾಲದ ಬೆಳಗಿನಲ್ಲಿ ಬರುತ್ತದೆ. ಕಿತ್ತ ಜಾಗ ಇನ್ನೂ ಖಾಲಿ ಇದೆ. ಪಕ್ಕದ ಹಲ್ಲು ಆ ಕಡೆ ವಾಲುತ್ತಿದೆಯಂತೆ, ದವಡೆ ಶಾಂತವಾದ ಮೇಲೆ ಇಂಪ್ಲಾಂಟ್ ಮಾಡಿಸಬೇಕು, ಅದಕ್ಕೆ ದುಡ್ಡು ಕೂಡಿಡುತ್ತಿದ್ದೇನೆ.

ಒಂದೆರಡು ಮಾತು ಹೇಳಲೇಬೇಕು. ಮುಖ ಊದಿ, ಜ್ವರ ಬಂದು, ನುಂಗಲು ಕಷ್ಟವಾದರೆ ಅದು ಕೀಲಿನ ವಿಷಯವಲ್ಲ, ಕೀವು ಏರುತ್ತಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೂ ತೋರಿಸಿ. ಆಕಳಿಸಿದಾಗ ಬಾಯಿ ತೆರೆದಂತೆಯೇ ಸಿಕ್ಕಿಕೊಂಡು ಮುಚ್ಚಲಾಗದಿದ್ದರೆ ಅದೂ ಆಸ್ಪತ್ರೆಯಲ್ಲೇ ಕೂರಿಸಬೇಕಾದದ್ದು. ನನಗೂ "ಅಲ್ಲೊಬ್ಬರಿದ್ದಾರೆ, ದವಡೆ ಎಳೆದು ಸರಿ ಮಾಡ್ತಾರೆ" ಅಂತ ಇಬ್ಬರು ಹೇಳಿದ್ದರು. ಕೀಲಿನೊಳಗೆ ಏನಾಗಿದೆ ಅಂತ ಗೊತ್ತಿಲ್ಲದೆ ಎಳೆಸಿಕೊಳ್ಳಬೇಡಿ, ದಯವಿಟ್ಟು.

ನಮ್ಮ ಆ ಟೀಚರಿಗೆ ಅವತ್ತು ಮೂರು ಬೆರಳು ಇಟ್ಟು ನೋಡಿ ಅಂದೆ. ಎರಡು ಹೋಯಿತು, ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಅವರ ಕಿವಿ ಮುಂದೆ ನನ್ನ ಬೆರಳಿಟ್ಟೆ. ಬಾಯಿ ತೆರೆದಾಗ ಟಕ್ ಅಂತು. ಎಷ್ಟು ವರ್ಷದಿಂದ ಹೀಗಿದೆ ಅಂದೆ. "ಇದಾ? ಇದು ಮೊದಲಿಂದಲೂ ಇದೆ, ನೋವೇನಿಲ್ಲ" ಅಂದರು. ಅದು ಕೀಲಿನದೋ ಹಲ್ಲಿನದೋ ಹೇಳಲು ನಾನು ಡಾಕ್ಟರಲ್ಲ. ಆದರೆ ಹಲ್ಲು ಕೀಳಿಸುವ ಅಪಾಯಿಂಟ್‌ಮೆಂಟ್ ಅವರಿಂದಲೇ ಫೋನ್ ಮಾಡಿಸಿ ಮುಂದಕ್ಕೆ ಹಾಕಿಸಿದೆ. ಶನಿವಾರ ಬೆಳಗಿನ ಸ್ಕೂಲು. ಮುಗಿಸಿಕೊಂಡು ಇಬ್ಬರೂ ಒಂದೇ ಬಸ್ಸಿಗೆ ಹತ್ತುತ್ತೇವೆ.